ಹುಡುಗಿಯರ ತೂಕ ಮತ್ತು ಹಿರಿಯರ ಮಾತು

ಮದುವೆಮನೆಯಲ್ಲಾಗಲಿ ಗೃಹಪ್ರವೇಶದಲ್ಲಾಗಲಿ, ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗಿಯೊಬ್ಬಳು ಎದುರಾದರೆ ನಮ್ಮ ಬಂಧುವರ್ಗದವರ ಬಾಯಿಂದ ಮೊದಲು ಹೊರಡುವ ಮಾತು ಅವಳ ಮೈಯನ್ನು ಕುರಿತದ್ದು. "ಏನಮ್ಮ, ಇಷ್ಟೊಂದು ದಪ್ಪ ಆಗ್ಬಿಟ್ಟಿದ್ದೀಯ?" ಎಂದು ಒಬ್ಬರು ಕೇಳುತ್ತಾರೆ. ತೆಳ್ಳಗಿರುವವಳಿಗೆ "ನಿಮ್ಮಮ್ಮ ಊಟ ಹಾಕಲ್ವೇನೇ?" ಎಂದು ಇನ್ನೊಬ್ಬರು ಕೇಳುತ್ತಾರೆ. ಕೇಳುವವರಿಗೆ ಅದು ಯೋಗಕ್ಷೇಮದ ವಿಚಾರಣೆ. ಕೇಳಿಸಿಕೊಂಡವಳು ಮಾತ್ರ ಪಂಕ್ತಿಯಲ್ಲಿ ಎಲೆಯ ಮುಂದೆ ತಲೆ ತಗ್ಗಿಸಿ ಕೂರುತ್ತಾಳೆ. ಈ ಅಭ್ಯಾಸವನ್ನು ನಾವು ಬಿಡಬೇಕೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸೌಜನ್ಯದ ದೃಷ್ಟಿಯಿಂದ ಮಾತ್ರವಲ್ಲ, ಹುಡುಗಿಯರ ಆರೋಗ್ಯದ ದೃಷ್ಟಿಯಿಂದಲೂ ಬಿಡಬೇಕು.

ರಾಜಾಜಿನಗರ, ಬಸವೇಶ್ವರನಗರದ ಕಡೆಯ ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರ ಬೋಧಿಸಿದ ನನಗೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಬೀಳುವ ಹುಡುಗಿಯರು ಹೊಸಬರೇನಲ್ಲ. ಮೊದಮೊದಲ ವರ್ಷಗಳಲ್ಲಿ ಅದರ ಕಾರಣ ಬಡತನವಾಗಿತ್ತು. ಮಾಗಡಿ ರಸ್ತೆಯ ಆಚೆಯಿಂದ ಬರುತ್ತಿದ್ದ ಮಕ್ಕಳ ತಾಯಂದಿರು ನಸುಕಿಗೇ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುತ್ತಿದ್ದರು. ಮನೆಯಲ್ಲಿ ತಿಂಡಿ ಆಗುತ್ತಿರಲಿಲ್ಲ. ನಿವೃತ್ತಿ ಹತ್ತಿರವಾದಂತೆ ಉಳ್ಳವರ ಮನೆಯ ಹುಡುಗಿಯರೂ ಬೀಳತೊಡಗಿದರು. ಡಬ್ಬಿಯಲ್ಲಿ ಚಪಾತಿ ಇರುತ್ತಿತ್ತು, ಅದು ಗೆಳತಿಯ ಪಾಲಾಗುತ್ತಿತ್ತು. "ದಪ್ಪ ಇದ್ದೀನಿ ಮಿಸ್, ಅದಕ್ಕೆ" ಎಂಬುದು ಉತ್ತರ. ಅದೇ ಹುಡುಗಿ ಸಂಜೆ ಟ್ಯೂಷನ್ನಿಗೆ ಹೋಗುವ ದಾರಿಯ ಬೇಕರಿಯಲ್ಲಿ ಎರಡು ಪಫ್ಸ್, ಒಂದು ಕ್ರೀಮ್ ಬನ್ ತಿಂದು, ರಾತ್ರಿ ಅದಕ್ಕಾಗಿ ಅತ್ತು, ಮರುದಿನ ಮತ್ತೆ ಉಪವಾಸ ಮಾಡುತ್ತಿದ್ದಳು. ಇದರಲ್ಲಿ ಮನೋದೌರ್ಬಲ್ಯವೇನೂ ಇಲ್ಲ. ದಿನವಿಡೀ ಹಸಿದ ದೇಹ ಬೇಗ ಶಕ್ತಿ ಕೊಡುವ ಸಿಹಿಯನ್ನೂ ಜಿಡ್ಡನ್ನೂ ಬೇಡುವುದು ಸಹಜ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೊರಡಿಸಿದ ವರದಿ ಹೇಳುವುದೂ ಇದನ್ನೇ. ಹದಿಹರೆಯದಲ್ಲಿ ಡಯಟ್ ಮಾಡುವುದು ಮುಂದೆ ಬೊಜ್ಜಿಗೂ ಆಹಾರಸಂಬಂಧಿ ಮನೋವ್ಯಾಧಿಗಳಿಗೂ ದಾರಿಯಾಗುತ್ತದೆ. ತಂದೆತಾಯಿಯರು ತೂಕದ ಮಾತನ್ನೂ ಚುಡಾಯಿಸುವುದನ್ನೂ ಬಿಟ್ಟು, ಮನೆಮಂದಿ ಒಟ್ಟಿಗೆ ಕುಳಿತು ಊಟ ಮಾಡುವುದಕ್ಕೆ ಗಮನ ಕೊಡಬೇಕು ಎಂದು ಅದು ಸಲಹೆ ಮಾಡಿತು. ನಮ್ಮ ಅಜ್ಜಿಯರು ಯಾವ ವರದಿಯನ್ನೂ ಓದದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಿದ್ದರು. ಈಗ ಒಬ್ಬರು ಟೀವಿಯ ಮುಂದೆ, ಒಬ್ಬರು ಮೊಬೈಲಿನ ಮುಂದೆ.

ಇನ್ನು ದೇಹದ ವಿಚಾರ. ಪ್ರೌಢಾವಸ್ಥೆಗೆ ಬರುವ ಹುಡುಗಿಯ ಶರೀರದಲ್ಲಿ ಕೊಬ್ಬಿನಂಶ ಹೆಚ್ಚುವುದು ಪ್ರಕೃತಿಯ ನಿಯಮ. ಏಳನೆಯ ತರಗತಿಯ ಲಂಗ ಒಂಬತ್ತನೆಯ ತರಗತಿಯಲ್ಲಿ ಸೊಂಟಕ್ಕೆ ಬಿಗಿಯಾದರೆ ಅದು ರೋಗವಲ್ಲ. ಎಲ್ಲರೂ ಹೇಳುವ ಬಿಎಂಐ ಎಂಬ ಲೆಕ್ಕವನ್ನು 1830ರ ದಶಕದಲ್ಲಿ ರೂಪಿಸಿದ ಬೆಲ್ಜಿಯಮ್ಮಿನ ಕೆಟಲೆ ವೈದ್ಯನಲ್ಲ, ಸಂಖ್ಯಾಶಾಸ್ತ್ರಜ್ಞ. ಆತನ ಆಸಕ್ತಿ ಜನಸಮೂಹದ ಸರಾಸರಿಯಲ್ಲಿತ್ತು. ಮಕ್ಕಳ ವಿಷಯದಲ್ಲಂತೂ ಆ ಸಂಖ್ಯೆಯನ್ನು ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಬೆಳವಣಿಗೆಯ ನಕ್ಷೆಯೊಡನೆ ಹೋಲಿಸಿ ನೋಡಬೇಕೇ ಹೊರತು ದೊಡ್ಡವರ ಅಳತೆಯಿಂದಲ್ಲ.

ಹಾಗಾದರೆ ಏನೂ ಹೇಳದೆ ಸುಮ್ಮನಿರಬೇಕೆ ಎಂದು ನೀವು ಕೇಳಬಹುದು. ಸ್ಟೀವನ್ ಹೇಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1980ರ ದಶಕದಿಂದ ಬೆಳೆಸಿದ ಒಂದು ಚಿಕಿತ್ಸಾಕ್ರಮವಿದೆ. ಸ್ವೀಕಾರ ಮತ್ತು ಸಂಕಲ್ಪ ಎಂಬೆರಡು ಅದರ ಆಧಾರಗಳು. ಮನಸ್ಸಿಗೆ ಬರುವ ನಾಚಿಕೆ, ತಿನ್ನಬೇಕೆಂಬ ಚಪಲ, 'ನಾನು ಚೆನ್ನಾಗಿಲ್ಲ' ಎಂಬ ಕೊರಗು ಇವುಗಳೊಡನೆ ಹೋರಾಡಬೇಡ, ಅವು ಬಂದಿವೆಯೆಂದು ಗುರುತಿಸು. ಆಮೇಲೆ ನಿನಗೆ ಮುಖ್ಯವಾದದ್ದು ಯಾವುದೋ ಅದಕ್ಕೆ ತಕ್ಕಂತೆ ನಡೆ ಎಂಬುದು ಅದರ ತಿರುಳು. ಈ ಕ್ರಮವನ್ನು ಹದಿಹರೆಯದ ಹುಡುಗಿಯರ ಆಹಾರ, ವ್ಯಾಯಾಮದ ವಿಷಯದಲ್ಲಿ ಅನ್ವಯಿಸುವ ಪ್ರಯೋಗಗಳೂ ಅಮೆರಿಕದಲ್ಲಿ ನಡೆದಿವೆ. ಒಪ್ಪಿಕೊಂಡರೆ ಮಕ್ಕಳು ಸೋಮಾರಿಗಳಾಗುತ್ತಾರೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ತನ್ನ ಮೈಯನ್ನು ದ್ವೇಷಿಸುವವಳು ಆಟದ ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಇಳಿಯಲಾರಳು. ಹಂಗಿಸಿಕೊಂಡು ಥ್ರೋಬಾಲ್ ತಂಡದಿಂದ ಹಿಂದೆ ಸರಿದವರನ್ನು ನಾನು ಕಂಡಿದ್ದೇನೆ. ಹಂಗಿಸಿದ್ದರಿಂದ ತಂಡಕ್ಕೆ ಸೇರಿದ ಒಬ್ಬಳನ್ನೂ ಕಂಡಿಲ್ಲ.

ತೂಕದ ಯಂತ್ರ ಹೇಳದ ಸಂಗತಿಯೊಂದಿದೆ, ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ಅದು ಇದೆ. ದಪ್ಪಗಿರುವವಳಿಗೂ ಇರಬಹುದು, ತೆಳ್ಳಗಿರುವವಳಿಗೂ ಇರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದ ನಡುವೆ ತೂಕಡಿಕೆ ಕಂಡರೆ ಕೊಬ್ಬನ್ನು ದೂರುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರು ಮಾಡಿದ ದಿನ ಒಂದಿಷ್ಟು ನಿಂಬೆರಸ ಹಿಂಡಿ. ಕಬ್ಬಿಣದಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ಊಟವಾದೊಡನೆ ಕಾಫಿ, ಟೀ ಕೊಡಬೇಡಿ. ಅವು ಅದನ್ನು ತಡೆಯುತ್ತವೆ. (ನಮ್ಮವರ ಕಾಫಿಯ ವಿಷಯದಲ್ಲಿ ನನ್ನ ಮಾತು ನಡೆಯುವುದಿಲ್ಲವೆಂದು ಬಲ್ಲೆ.) ಮುಟ್ಟು ತಿಂಗಳುಗಟ್ಟಲೆ ನಿಂತರೆ, ತೂಕ ಹಠಾತ್ತನೆ ಏರಿದರೆ ಅಥವಾ ಇಳಿದರೆ, ಉಂಡದ್ದನ್ನು ಗುಟ್ಟಾಗಿ ವಾಂತಿ ಮಾಡುತ್ತಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಪರಿಚಯದವರು ಮಾರುವ ತೂಕ ಇಳಿಸುವ ಪುಡಿಯ ಡಬ್ಬಕ್ಕೆ ಮನೆಯಲ್ಲಿ ಜಾಗ ಬೇಡ.

ಆಟದ ಮಾತಿಗೆ ಬರುತ್ತೇನೆ. 5ರಿಂದ 17 ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಅಂಕಿಅಂಶಗಳಂತೆ ಜಗತ್ತಿನಲ್ಲಿ 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 85ರಷ್ಟು ಮಂದಿ ಅಷ್ಟು ಆಡುತ್ತಿರಲಿಲ್ಲ. ಅವರು ಆಡುವುದಾದರೂ ಎಲ್ಲಿ? ಹತ್ತನೆಯ ತರಗತಿಯ ಪಿ.ಟಿ. ಪೀರಿಯಡ್ಡನ್ನು ಗಣಿತ ನುಂಗುತ್ತದೆ. ನಮ್ಮ ಬಡಾವಣೆಗಳ ಮೈದಾನಗಳಲ್ಲಿ ಸಂಜೆ ಹುಡುಗರ ಕ್ರಿಕೆಟ್. ಪಾರ್ಕುಗಳಲ್ಲಿ ನಮ್ಮಂಥ ನಿವೃತ್ತರ ವಾಕಿಂಗ್ ಮತ್ತು 'ಇಲ್ಲಿ ಆಟವಾಡಬಾರದು' ಎಂಬ ಫಲಕ. ಹಗ್ಗದಾಟ ಆಡುತ್ತಿದ್ದ ಮೂವರು ಹುಡುಗಿಯರನ್ನು ಕಾವಲುಗಾರ ಹೊರಗೆ ಕಳುಹಿಸಿದ್ದನ್ನು ಕಳೆದ ತಿಂಗಳು ನೋಡಿದೆ.

ಸಂಜೆ ಐದರಿಂದ ಆರೂವರೆಯವರೆಗೆ ಪಾರ್ಕಿನ ಒಂದು ಮೂಲೆಯನ್ನು ಹುಡುಗಿಯರ ಆಟಕ್ಕೆ ಬಿಟ್ಟುಕೊಡಬೇಕೆಂದು ಕೋರುವ ಮನವಿಯೊಂದನ್ನು ಸಿದ್ಧಪಡಿಸಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಇದೇ ಸುತ್ತಿನಲ್ಲಿ ಮನೆ ಮಾಡಿಕೊಂಡಿದ್ದೀರಿ, ನಿಮ್ಮ ಹೆಣ್ಣುಮಕ್ಕಳು ಎಂಟು, ಒಂಬತ್ತನೆಯ ತರಗತಿಗಳಲ್ಲಿದ್ದಾರೆ. ಭಾನುವಾರ ಹತ್ತು ಗಂಟೆಯ ನಂತರ ಮನೆಗೆ ಬಂದು ಸಹಿ ಹಾಕಿ ಹೋಗಿ. ಮಗಳನ್ನೂ ಕರೆತನ್ನಿ, ಚುರುಮುರಿ ಮಾಡಿರುತ್ತೇನೆ.