ಮಂಗನ ಕಾಯಿಲೆಗೆ ಡಬ್ಬದ ‘ಶಕ್ತಿ’ ಸಾಲದು, ಸರ್ಕಾರದ ಮೌನವೂ ಸಾಲದು

ಕೊರೊನಾ ಬಂದು ಹೋದ ಮೇಲೆ ನಮ್ಮ ಕಡೆಯ ಸಂತೆಗಳಲ್ಲಿ ಹೊಸದೊಂದು ಸರಕು ಬಂದಿದೆ, ಇಮ್ಯುನಿಟಿ. ಪುಡಿಯಲ್ಲಿ ಸಿಗುತ್ತದೆ, ಗುಳಿಗೆಯಲ್ಲಿ ಸಿಗುತ್ತದೆ, ಕಷಾಯದ ಬಾಟಲಿಯಲ್ಲೂ ಸಿಗುತ್ತದೆ. ಈಗ ಅದನ್ನೇ ಮಂಗನ ಕಾಯಿಲೆಗೂ ಆಗುತ್ತದೆ ಎಂದು ಮಾರಲು ಹೊರಟಿದ್ದಾರೆ. ವಾಟ್ಸಾಪಿನಲ್ಲಿ ಅಮೃತಬಳ್ಳಿ ಕಷಾಯದ ಮೆಸೇಜು ಬಂದರೆ ಓದದೆಯೇ ಹತ್ತು ಗುಂಪಿಗೆ ಕಳಿಸುವವರು ನಮ್ಮಲ್ಲೇ ಇದ್ದಾರೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ಮಾತಿದೆ. ತುಂಗೆಯ ಹಿನ್ನೀರಿನ ದಂಡೆಯ ಸಕ್ರೆಬೈಲಿನಿಂದ ಹಿಡಿದು ತೀರ್ಥಹಳ್ಳಿ ರಸ್ತೆಯ ಉದ್ದಕ್ಕೂ ಚಹಾದಂಗಡಿಗಳಲ್ಲಿ ಕೇಳಿ ಕೇಳಿ ಸಾಕಾಗಿದೆ: “ನಾವು ಕಾಡಿನವರು ಮಾರಾಯ್ರೆ, ನಮ್ಮ ಮೈಗೆ ಅದೆಲ್ಲ ತಾಗೂದಿಲ್ಲ. ಪೇಟೆಯವರಿಗೆ ಆಗೂದು.”

ಎರಡೂ ಮಾತು ತಪ್ಪು. ತಪ್ಪಿನ ಬೇರು ಒಂದೇ, ಆ ‘ರೋಗನಿರೋಧಕ ಶಕ್ತಿ’ ಎಂಬ ಹೆಸರು. ಶಕ್ತಿ ಎಂದ ಕೂಡಲೇ ನಾವು ತೋಳಿನ ಬಲದಂಥದ್ದು ಎಂದುಕೊಳ್ಳುತ್ತೇವೆ. ತಿಂದರೆ ಹೆಚ್ಚುತ್ತದೆ, ಕಾಡಿನಲ್ಲಿ ದುಡಿದವರಿಗೆ ಜಾಸ್ತಿ ಇರುತ್ತದೆ, ಎಸಿಯಲ್ಲಿ ಕೂತವರಿಗೆ ಕಡಿಮೆ ಎಂದು ಲೆಕ್ಕ ಹಾಕುತ್ತೇವೆ. ಅದನ್ನು ನೆನಪು ಎಂದು ಕರೆದಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ.

ಮೈಯೊಳಗೆ ನಡೆಯುವುದು ಹೀಗೆ. ಚರ್ಮ, ಜ್ವರ, ಸಿಕ್ಕಿದ್ದನ್ನೆಲ್ಲ ನುಂಗುವ ಬಿಳಿ ರಕ್ತಕಣ, ಇವು ಎಲ್ಲ ರೋಗಕ್ಕೂ ಇರುವ ಮೊದಲ ಕಾವಲು. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಇದ್ದರೆ ಈ ಕಾವಲು ಚೆನ್ನಾಗಿರುತ್ತದೆ, ಒಪ್ಪೋಣ. ಆದರೆ ಒಂದು ನಿರ್ದಿಷ್ಟ ವೈರಸ್ಸನ್ನು ಹಿಡಿದು ಮುಗಿಸಲು ಅದಕ್ಕೇ ಹೊಂದುವ ಪ್ರತಿಕಾಯಗಳು ಬೇಕು. ಮೊದಲ ಸಲ ಆ ವೈರಸ್ ಬಂದಾಗ ಅವನ್ನು ತಯಾರಿಸಲು ದೇಹಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಮಂಗನ ಕಾಯಿಲೆಯ ವೈರಸ್ಸೋ, ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ತಂದು ಮಲಗಿಸುತ್ತದೆ. ಓಟದಲ್ಲಿ ದೇಹ ಹಿಂದೆ. ಬದುಕಿ ಎದ್ದವರ ಮೈಯಲ್ಲಿ ಕೆಲವು ಕಣಗಳು ಆ ವೈರಸ್ಸಿನ ಗುರುತನ್ನು ಇಟ್ಟುಕೊಂಡು ಉಳಿಯುತ್ತವೆ. ಮುಂದಿನ ಸಲ ಅವು ಕೂಡಲೇ ಏಳುತ್ತವೆ. ಗುರುತು ಇಲ್ಲದಿದ್ದರೆ ಜಟ್ಟಿಯ ಮೈಯಾದರೂ ಅಷ್ಟೇ.

ಕಾಡಿನವರಿಗೆ ತಾಗುವುದಿಲ್ಲ ಎನ್ನುವವರು 2012ರ ಬಂಡೀಪುರವನ್ನು ನೆನಪಿಸಿಕೊಳ್ಳಲಿ. ಅಲ್ಲಿ ಮಂಗಗಳು ಸತ್ತು ಬಿದ್ದವು. ಹೆಣಗಳನ್ನು ಮುಟ್ಟಿ ಸುಡುವ ಕೆಲಸಕ್ಕೆ ನಿಂತವರಿಗೆ ಕಾಯಿಲೆ ಬಂತು. ಕಾಡು ಅವರಿಗೆ ಹೊಸದಾಗಿರಲಿಲ್ಲ. ಆ ವೈರಸ್ಸು ಅವರ ಮೈಗೆ ಹೊಸದಾಗಿತ್ತು. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಆಮೇಲೆ ಉತ್ತರ ಕನ್ನಡ, ದಕ್ಷಿಣ ಕನ್ನಡ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. ಅಲ್ಲೆಲ್ಲ ಹಾಸಿಗೆ ಹಿಡಿದವರು ಯಾರು? ದರಕು ಗುಡಿಸುವವರು, ಸೊಪ್ಪು ಸೌದೆ ತರುವವರು, ದನ ಕಾಯುವವರು. ಸಕ್ರೆಬೈಲಿನ ಬಿಡಾರದಲ್ಲಿ ಸಂಜೆ ಆನೆಯನ್ನು ಕಾಡಿಗೆ ಬಿಟ್ಟು, ಬೆಳಿಗ್ಗೆ ಪೊದೆ ಸರಿಸಿಕೊಂಡು ಹುಡುಕಿ ತರುವ ಮಾವುತ, ಕಾವಾಡಿಗಳದ್ದೂ ಇದೇ ಸಾಲು.

ಹಾಗಾದರೆ ಕಾಯಿಲೆ ಬರಿಸಿಕೊಂಡೇ ನೆನಪು ಕಟ್ಟಿಕೊಳ್ಳಬೇಕೆ? ಈ ರೋಗ ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಜ್ವರ ಬಿಟ್ಟಿತು ಎಂದು ಗದ್ದೆಗೆ ಹೋದವರಲ್ಲಿ ಕೆಲವರಿಗೆ ವಾರ ಎರಡು ವಾರ ಬಿಟ್ಟು ಮತ್ತೆ ಜ್ವರ ಬಂದು ಮೆದುಳಿಗೆ ಏರುತ್ತದೆ. ಇದನ್ನು ಕೊಲ್ಲುವ ಔಷಧ ಇನ್ನೂ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ರಕ್ತಸ್ರಾವ ಆಗದಂತೆ ನೋಡಿಕೊಂಡು ಮೈ ತಾನೇ ಗೆಲ್ಲಲಿ ಎಂದು ಕಾಯುತ್ತಾರೆ.

ರೋಗ ಬಾರದೆ ನೆನಪು ಮಾತ್ರ ಬರಲಿ ಎಂದೇ ಲಸಿಕೆ. ನಮ್ಮ ಹಳೆಯ ಲಸಿಕೆಯಲ್ಲಿ ಇದ್ದದ್ದು ಸತ್ತ ವೈರಸ್. ಸತ್ತದ್ದು ಮೈಯೊಳಗೆ ಬೆಳೆಯುವುದಿಲ್ಲ, ಆದ್ದರಿಂದ ನೆನಪೂ ಬೇಗ ಮಾಸುತ್ತದೆ. ಶಿವಮೊಗ್ಗದ ದಸರಾಕ್ಕೆ ಹೋಗುವ ನಮ್ಮ ಬಿಡಾರದ ಆನೆಗೆ ಒಂದು ದಿನ ಭಾರ ಹೊರಿಸಿದರೆ ತಾಲೀಮು ಆಯಿತೆ? ಲಸಿಕೆಗೂ ಹಾಗೆಯೇ: ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಊದಿ ನೋಯುತ್ತಿತ್ತು. ಕೂಲಿ ತಪ್ಪಿಸಿಕೊಂಡು ಮತ್ತೆ ಮತ್ತೆ ಬರಬೇಕು. ಜನ ಎರಡನೇ ಸಲಕ್ಕೆ ಬರಲಿಲ್ಲ.

“ಜನರೇ ಬರುವುದಿಲ್ಲ, ನಾವೇನು ಮಾಡಲಿ” ಎಂಬ ಅಧಿಕಾರಿಗಳ ಮಾತಿಗೆ ನಮ್ಮ ತಕರಾರಿದೆ. 1990ರಿಂದ 1992ರ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 94ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಲೆಕ್ಕ ತೆಗೆದಾಗ ಅದು ಶೇ. 62ಕ್ಕೆ ಇಳಿದಿತ್ತು. ಬೂಸ್ಟರ್ ಸೇರಿದರೆ ಶೇ. 83. ಸೂಜಿ ಚುಚ್ಚಿಸಿಕೊಂಡ ಪಕ್ಕದ ಮನೆಯವನಿಗೇ ಕಾಯಿಲೆ ಬಂದದ್ದನ್ನು ಕಂಡ ಹೆಂಗಸು ಮಗನನ್ನು ಕ್ಯಾಂಪಿಗೆ ಕಳಿಸದಿದ್ದರೆ ಅದು ಅಜ್ಞಾನವೆ? ಅವಳು ಕಣ್ಣಾರೆ ಕಂಡದ್ದನ್ನು ಲೆಕ್ಕವೂ ಹೇಳುತ್ತಿತ್ತು. ಇಳಿಕೆ ಗೊತ್ತಾದಾಗಲೇ ಹೊಸ ಲಸಿಕೆಯ ಕೆಲಸಕ್ಕೆ ಕೈಹಚ್ಚಿದ್ದರೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು ಬಿದ್ದಾಗ ಜನರಿಗೆ ಕೊಡಲು ಏನಾದರೂ ಇರುತ್ತಿತ್ತು.

ಮಂಗ ಸತ್ತ ಜಾಗದ ಸುತ್ತ ಐದು ಕಿಲೋಮೀಟರಿನಲ್ಲಿ ಲಸಿಕೆ ಹಾಕುವ ಪದ್ಧತಿಯೂ ಅಷ್ಟೇ. ಜನವರಿಯಲ್ಲಿ ಮಂಗ ಸಾಯಬೇಕು, ಆಮೇಲೆ ಮೊದಲ ಡೋಸ್, ತಿಂಗಳು ಬಿಟ್ಟು ಎರಡನೆಯದು, ಮೈ ಅದನ್ನು ಕಲಿಯಲು ಇನ್ನಷ್ಟು ದಿನ. ಅಷ್ಟರಲ್ಲಿ ಮಾರ್ಚ್. ಮನೆ ಹೊತ್ತಿಕೊಂಡ ಮೇಲೆ ಬಾವಿ ತೋಡಿದ ಹಾಗೆ.

2022ರಲ್ಲಿ ಆ ಲಸಿಕೆಯನ್ನೂ ನಿಲ್ಲಿಸಿದರು. ಕೆಲಸ ಮಾಡದ್ದನ್ನು ನಿಲ್ಲಿಸಿದ್ದು ಸರಿಯೇ. ಬದಲಿಯನ್ನು ಕೈಯಲ್ಲಿ ಹಿಡಿಯದೆ ನಿಲ್ಲಿಸುವ ಸ್ಥಿತಿ ತಂದುಕೊಂಡದ್ದು ಸರಿಯಲ್ಲ. ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸ ಲಸಿಕೆಯ ಕೆಲಸ ನಡೆಸಿವೆ, 28 ದಿನದ ಅಂತರದಲ್ಲಿ ಎರಡು ಡೋಸ್. 2025ರಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಬಂದಿದೆ. ಪರೀಕ್ಷೆಗಳನ್ನು ಅವಸರದಲ್ಲಿ ಮುಗಿಸಿ ಎಂದು ನಾವು ಕೇಳುವುದಿಲ್ಲ. ಆದರೆ ಅದು ಯಾವ ಹಂತಕ್ಕೆ ಬಂತು, ಮೊದಲು ಯಾರಿಗೆ ಸಿಗುತ್ತದೆ ಎಂಬುದನ್ನು ಪಂಚಾಯಿತಿಯ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಹೇಳಲಿ. ಮೊದಲ ಪಟ್ಟಿಯಲ್ಲಿ ಆಶಾ ಕಾರ್ಯಕರ್ತೆಯರು, ಅರಣ್ಯ ವಾಚರುಗಳು, ಬಿಡಾರದ ಕಾವಾಡಿಗಳು, ದರಕಿಗೆ ಹೋಗುವ ಹೆಂಗಸರು ಇರಲಿ. ಸೀಸನ್ನಿಗೆ ಮೊದಲೇ ಕೊಡಲಿ.

ಅಲ್ಲಿಯವರೆಗೆ ಕೈಯಲ್ಲಿರುವುದು ಡೆಪಾ ಎಣ್ಣೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿ, ಮೈ ಮುಚ್ಚುವ ಬಟ್ಟೆ ತೊಡಿ. ಬಂದ ಮೇಲೆ ಬಿಸಿನೀರಲ್ಲಿ ಮಿಂದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ಫೋನು ಮಾಡಿ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆಗೆ ಹೋಗಿ. ಕಷಾಯ ಕುಡಿಯುವುದಾದರೆ ಆಸ್ಪತ್ರೆಯಿಂದ ಬಂದು ಕುಡಿಯಿರಿ. ಮತ್ತೆ ಎಣ್ಣೆ ನವೆಂಬರಿನಲ್ಲೇ ಊರಿಗೆ ಬರಬೇಕು. ಬಾರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತು ಕೇಳಿ, ಕೇಳಿದ ತಾರೀಕು ಬರೆದಿಟ್ಟು ನಮಗೂ ಕಳಿಸಿ. ಊರೂರಿನ ಪಟ್ಟಿ ಮಾಡಿ ಇಲ್ಲಿ ಹಾಕುತ್ತೇವೆ.