ಹಾಡು ಕೇಳಿಸುತ್ತದೆ, ಹಾಡಿದವರ ಹೆಸರೆಲ್ಲಿ?

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪಕ್ಕದವರ ಮೊಬೈಲಿನಲ್ಲಿ ಒಂದೇ ಹಾಡು ವಾರಗಟ್ಟಲೆ ಕಿವಿಗೆ ಬೀಳುತ್ತದೆ. ಹಾಡಿದವರು ಯಾರೆಂದು ಕೇಳಿ ನೋಡಿ, ಅದಕ್ಕೆ ಕುಣಿಯುತ್ತಿರುವವರಿಗೂ ಗೊತ್ತಿರುವುದಿಲ್ಲ. ಮುಂದಿನ ತಿಂಗಳು ಆ ಹಾಡೂ ಇರುವುದಿಲ್ಲ. 'ಈಗಿನವರಲ್ಲಿ ಮೊದಲಿನವರ ಪ್ರತಿಭೆ ಎಲ್ಲಿದೆ?' ಎಂದು ಹಿರಿಯರು ಥಟ್ಟನೆ ತೀರ್ಪು ಕೊಟ್ಟುಬಿಡುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಪ್ರತಿಭೆಗೆ ಬರ ಬಂದಿಲ್ಲ. ಕಲಾವಿದರ ಹೆಸರನ್ನು ಕೇಳುಗರವರೆಗೆ ಹೊತ್ತು ತರುತ್ತಿದ್ದ ಏರ್ಪಾಡನ್ನೇ ಸಂಗೀತೋದ್ಯಮ ಕಿತ್ತುಹಾಕಿದೆ.

ಹೆಸರಿನ ಬೆಲೆ ಹಿಂದಿನವರಿಗೆ ಗೊತ್ತಿತ್ತು. ವಚನಕಾರರು, ದಾಸರು ರಚನೆಯೊಳಗೇ ಅಂಕಿತವಿಟ್ಟರು. ಅದು ದೇವರ ಹೆಸರಾದರೂ ಕೃತಿ ಯಾರದೆಂದು ಇಂದಿಗೂ ಹೇಳುತ್ತಿದೆ. ಶಿಶುನಾಳ ಶರೀಫರ ತತ್ವಪದಗಳು ಅಕ್ಷರ ಬಾರದವರ ಬಾಯಿಂದ ಬಾಯಿಗೆ ದಾಟಿ ಬಂದರೂ ಅಂಕಿತ ಕಳಚಿ ಬೀಳಲಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಹೇಳಿಬಿಟ್ಟರು. ರೆಕಾರ್ಡು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂಬುದು ಅದರ ಉದ್ದೇಶ. ಉದ್ದೇಶ ಏನೇ ಇರಲಿ, ಹೆಸರು ಉಳಿಯಿತು.

ಉದ್ಯಮ ಆಗಲೂ ಧರ್ಮಛತ್ರವೇನೂ ಆಗಿರಲಿಲ್ಲ. 1949ರಲ್ಲಿ 'ಮಹಲ್' ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದಾಗ ರೆಕಾರ್ಡಿನ ಮೇಲೆ ಇದ್ದದ್ದು ಪಾತ್ರದ ಹೆಸರು, ಕಾಮಿನಿ. ಹಾಡಿದವರು ಯಾರೆಂದು ಕೇಳುಗರು ರೇಡಿಯೋಗೆ ಪತ್ರ ಬರೆದರು. ಅವರ ಒತ್ತಾಯದಿಂದ ಲತಾ ಹೆಸರು ಹೊರಬಿತ್ತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ರಾಜನ್-ನಾಗೇಂದ್ರ ನಮ್ಮ ಮನೆಯವರಾದದ್ದೂ ಹಾಗೆಯೇ. ಅವರ ಮುಖ ನೋಡುವ ಮೊದಲೇ ಆಕಾಶವಾಣಿಯ ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ದಿನವೂ ನಮಗೆ ಪಾಠ ಹೇಳಿದ್ದರು. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟಿನಿಂದ ನಿಸಾರ್ ಅಹಮದ್ ಮತ್ತು ಮೈಸೂರು ಅನಂತಸ್ವಾಮಿ ಎಂಬ ಎರಡು ಹೆಸರುಗಳು ಒಂದೇ ಉಸಿರಿನಲ್ಲಿ ಬರುವಂತಾದವು.

ಈಗ? ಆ್ಯಪ್‌ಗಳು 'ಮಳೆಗೆ', 'ಪ್ರಯಾಣಕ್ಕೆ', 'ನಿದ್ದೆಗೆ' ಎಂದು ಹಾಡುಗಳನ್ನು ಕಿರಾಣಿ ಅಂಗಡಿಯ ಮೂಟೆಗಳ ಹಾಗೆ ಸಾಲಾಗಿ ಇಟ್ಟಿವೆ. ಬೇಕಾದದ್ದು ಅಕ್ಕಿ, ಬೆಳೆದವನು ಯಾರಿಗೆ ಬೇಕು? 2023ರ ಹೊತ್ತಿಗೇ ಜಗತ್ತಿನಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಹೊಸ ಧ್ವನಿಮುದ್ರಣಗಳು ಬಂದು ಬೀಳುತ್ತಿದ್ದವು. ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ. ಆದ್ದರಿಂದ ಆಲಾಪಕ್ಕೆ ಪುರುಸೊತ್ತಿಲ್ಲ, ಪಲ್ಲವಿ ಬಾಗಿಲಲ್ಲೇ ನಿಂತಿರಬೇಕು. 2024ರಿಂದ ಅಲ್ಲಿ ಇನ್ನೊಂದು ನಿಯಮ: ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಬಿಡಿಗಾಸೂ ಇಲ್ಲ. ರೀಲ್ಸ್ ಕಥೆ ಇನ್ನೂ ವಿಚಿತ್ರ. ಜಾತ್ರೆಯಲ್ಲಿ ಹಾಡಿದ ಜನಪದ ಗಾಯಕಿಯ ದನಿ, ಅದನ್ನು ಮೊಬೈಲಿನಲ್ಲಿ ಹಿಡಿದವನ ಖಾತೆಯ ಹೆಸರು ಹೊತ್ತು ಊರೂರು ಸುತ್ತುತ್ತದೆ. 'ಮೂಲ ಆಡಿಯೋ' ಅವನದಂತೆ!

ಮನೆಯಲ್ಲೇ ಹಾಡಿ ಲೋಕಕ್ಕೆ ಕೇಳಿಸುವ ಸ್ವಾತಂತ್ರ್ಯ ಸಿಕ್ಕಿತಲ್ಲ ಎನ್ನುವವರಿದ್ದಾರೆ. ನಿಜ. ಹಳೆಯ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲ. (ಪಾಪದ ಹಾರ್ಮೋನಿಯಂ ಪೆಟ್ಟಿಗೆಗೇ ಆಕಾಶವಾಣಿ ದಶಕಗಳ ಕಾಲ ಬಹಿಷ್ಕಾರ ಹಾಕಿತ್ತು!) ಆದರೆ ಒಳಗೆ ಬಂದವರನ್ನು ಇವರು ಇಂಥವರೆಂದು ಪರಿಚಯಿಸುವವರು ಆಗ ಇದ್ದರು. ಈಗ ಬಾಗಿಲೂ ಇಲ್ಲ, ಪರಿಚಯಿಸುವವರೂ ಇಲ್ಲ, ಬರೀ ಸಂತೆ.

ಇದು ಕೀರ್ತಿಯ ಪ್ರಶ್ನೆ ಮಾತ್ರವಲ್ಲ, ಅನ್ನದ ಪ್ರಶ್ನೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಗಾಯಕರಿಗೂ ರಾಯಧನದ ಹಕ್ಕು ಕೊಟ್ಟಿತು. ಆದರೆ ಹಾಡಿನ ಜೊತೆ ಹೆಸರೇ ದಾಖಲಾಗದಿದ್ದರೆ ಆ ಹಣ ಯಾರ ಮನೆಯ ವಿಳಾಸ ಹುಡುಕಿಕೊಂಡು ಹೋಗಬೇಕು?

ಎಫ್.ಎಂ. ನಿರೂಪಕರು ಗಂಟೆಗಟ್ಟಲೆ ಹರಟುತ್ತಾರೆ. ಪ್ರತಿ ಹಾಡಿಗೆ ಮೊದಲು ಅದರಲ್ಲಿ ಐದು ಸೆಕೆಂಡು ಉಳಿಸಿ ಬರೆದವರು, ರಾಗ ಹಾಕಿದವರು, ಹಾಡಿದವರು ಯಾರೆಂದು ಹೇಳಲಿ. ಹೇಳದಿದ್ದರೆ, 1949ರ ಕೇಳುಗರು ಮಾಡಿದಂತೆ ನಾವೂ ಬರೆದು ಕೇಳೋಣ.