ಹಳೆಯ ಮನೆ ಕೆಡವುವ ಮುನ್ನ

ಧಾರಣೆ ಏರಿದ ವರ್ಷ ಬೆಳೆಗಾರರ ಮನೆಗಳಲ್ಲಿ ಎರಡೇ ವಿಷಯ ಪ್ರಸ್ತಾಪಕ್ಕೆ ಬರುತ್ತವೆ: ಒಂದು ಮಕ್ಕಳ ಮದುವೆ, ಇನ್ನೊಂದು ಮನೆ. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗಲೂ ಹಾಗೆಯೇ ಆಯಿತು. ಊರಿನ ಮನೆಯ ಜೊತೆಗೆ, ಮಕ್ಕಳ ಓದಿಗೆಂದು ಹಿರಿಯರು ಬೆಂಗಳೂರಿನಲ್ಲಿ ಕೊಂಡಿಟ್ಟ ಮನೆಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಕೊಡಗಿನ ಬಸ್ಸು ಹೋಗುವ ದಾರಿಯೆಂದು ಕೆಂಗೇರಿಯಲ್ಲಿ ಮನೆ ಮಾಡಿದವರೂ ಉಂಟು. ಅಂಥ ಮನೆಗಳನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸುವ ಉತ್ಸಾಹದ ಬಗ್ಗೆ ನಮ್ಮ ಅಭಿಪ್ರಾಯವನ್ನು ಬಂಧುಗಳ ಮುಂದಿಡುತ್ತಿದ್ದೇವೆ.

ಕೆಂಗೇರಿ ಬಹುಕಾಲ ಮೈಸೂರು ರಸ್ತೆಯ ಮೇಲಿನ ಒಂದು ಹೋಬಳಿ ಊರಾಗಿತ್ತು. 2007ರಲ್ಲಿ ಅದರ ಪುರಸಭೆಯನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಿದರು. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಅಲ್ಲಿಯವರೆಗೆ ಬಂತು. ರೈಲು ಬಂದ ಕಡೆ ನೆಲದ ಬೆಲೆ ಏರುವುದು ಸಹಜ, ಬಾಡಿಗೆಯ ಆಸೆಯೂ ಸಹಜ. ಆ ಲೆಕ್ಕ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಹೊಸ ಕಟ್ಟಡದ ಹಣ ಎಲ್ಲಿಂದ ಬರುತ್ತದೆ? ತೋಟದ ಮೇಲಿನ ಸಾಲದಿಂದ. ಎಲೆಚುಕ್ಕೆ ರೋಗ ಬಿದ್ದ ವರ್ಷ, ಕಾಂಡಕೊರಕ ಹೊಕ್ಕ ವರ್ಷ, ಧಾರಣೆ ಇಳಿದ ವರ್ಷ, ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಪಟ್ಟಣದ ಮನೆ ಕಟ್ಟಲು ಹೋಗಿ ತೋಟಕ್ಕೆ ಗೊಬ್ಬರ ತಪ್ಪಿಸಿದರೆ ಅದರ ನಷ್ಟ ನಾಲ್ಕಾರು ವರ್ಷ ಕಾಡುತ್ತದೆ.

1950–60ರ ದಶಕಗಳ ಮನೆಗಳನ್ನು ಕಟ್ಟಿದ ಕಾಲವೇ ಬೇರೆ. ಸಿಮೆಂಟು ಸರ್ಕಾರದ ನಿಯಂತ್ರಣದಲ್ಲಿತ್ತು. 1982ರಲ್ಲಿ ನಿಯಂತ್ರಣವನ್ನು ಭಾಗಶಃ ಸಡಿಲಿಸಿ, 1989ರಲ್ಲಿ ಪೂರ್ತಿ ತೆಗೆದರು. ಆದ್ದರಿಂದ ಆ ದಿನಗಳ ಅನೇಕ ಮನೆಗಳಲ್ಲಿ ಸಿಮೆಂಟು ಕಡಿಮೆ, ಸುಣ್ಣದ ಗಾರೆ ಹೆಚ್ಚು. ದಪ್ಪ ಗೋಡೆ, ಎತ್ತರದ ಮಾಡು, ಗಾಳಿಗಿಂಡಿ, ರೆಡ್ ಆಕ್ಸೈಡ್ ನೆಲ, ಬಲಿತ ಮರದ ಬಾಗಿಲು. ಇಂದು ಎಷ್ಟು ಹಣ ಕೊಟ್ಟರೂ ಅಂಥ ಮರ ಸುಲಭವಾಗಿ ಸಿಗುವುದಿಲ್ಲ. ಕೆಡವಿದ ದಿನ ಅದು ಹಳೇ ಸಾಮಾನಿನ ವ್ಯಾಪಾರಿಯ ಲಾರಿ ಹತ್ತುತ್ತದೆ. ಹೊಸ ಮನೆಗೆ ಬರುವುದು ಪ್ಲೈವುಡ್ ಬಾಗಿಲು.

ಹಾಗೆಂದು ಹಳೆಯದೆಲ್ಲ ಚೆನ್ನ ಎನ್ನುವವರು ನಾವಲ್ಲ. ಕತ್ತಲೆಯ ಅಡಿಗೆಮನೆ, ಹಿತ್ತಲಿನ ತುದಿಯ ಪಾಯಿಖಾನೆ, ಮಳೆಗಾಲದಲ್ಲಿ ತೇವ ಏರುವ ಗೋಡೆ, ಇವುಗಳಿಂದ ಮನೆಯ ಹೆಂಗಸರು ಪಟ್ಟ ಪಾಡು ಸಣ್ಣದಲ್ಲ. ಅವನ್ನು ಮೊದಲು ಸರಿಪಡಿಸಬೇಕು. ಆದರೆ ಅದಕ್ಕೆ ಇಡೀ ಮನೆಯನ್ನು ಕೆಡವಬೇಕಾಗಿಲ್ಲ.

ತೇವದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ದುರಸ್ತಿಗಳು ಕೆಡುವುದು ಇಲ್ಲಿಯೇ. ಸುಣ್ಣವನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುವ ಕೈಗಳು ನಮ್ಮವು. ಸುಣ್ಣದ ಗಾರೆಯ ಗೋಡೆ ನೆಲದಿಂದ ಹೀರಿದ ತೇವವನ್ನು ಹೊರಗೆ ಆರಲು ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದು, ಮೇಲೆ ಎಣ್ಣೆ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪು ಉಕ್ಕಿ ಬಣ್ಣ ಹೊಪ್ಪಳೆ ಏಳುತ್ತದೆ, ಗಿಲಾವು ಬಿರಿಯುತ್ತದೆ. ಆಗ ಮೇಸ್ತ್ರಿ "ಗೋಡೆ ಸತ್ತುಹೋಗಿದೆ, ಕೆಡವಿಬಿಡಿ" ಎನ್ನುತ್ತಾನೆ. ಗೋಡೆ ಸತ್ತಿರುವುದಿಲ್ಲ, ಅದರ ಉಸಿರು ಕಟ್ಟಿಸಿರುತ್ತಾರೆ. ಸುಣ್ಣದ ಗೋಡೆಗೆ ಸುಣ್ಣದ್ದೇ ಗಿಲಾವು ಆಗಬೇಕು. ಅಳಲೆಕಾಯಿ, ಬೆಲ್ಲದ ನೀರು ಬೆರೆಸಿ ಗಾರೆ ಅರೆಯುವುದನ್ನು ಬಲ್ಲ ಕೆಲಸಗಾರರು ವಿರಳ, ಆದರೆ ಹುಡುಕಿದರೆ ಸಿಗುತ್ತಾರೆ. ಕೂಲಿ ಹೆಚ್ಚು ಕೇಳಿದರೂ ಕೊಡುವುದು ಲೇಸು.

ಕೆಂಗೇರಿಯಿಂದ ಅದೇ ಮೈಸೂರು ರಸ್ತೆ ಹಿಡಿದು ಹೋದರೆ ಒಂದು ಒಳ್ಳೆಯ ಉದಾಹರಣೆ ಸಿಗುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು 1950ರ ದಶಕದಲ್ಲಿ ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದ್ದರು. ಸಾರ್ವಜನಿಕರ ಆಕ್ಷೇಪದಿಂದ ಕೆಲಸ ನಿಂತಿತು. ನಗರಪಾಲಿಕೆ ಆ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ನಮ್ಮ ಮನೆಗಳನ್ನು ಉಳಿಸಲು ಯಾವ ಪಾಲಿಕೆಯೂ ಬರುವುದಿಲ್ಲ ಎನ್ನುವುದು ಬೇರೆ ಮಾತು. ಆದರೆ ಅರ್ಧ ಕೈಹಾಕಿದ ಮನೆಯನ್ನೂ ಮತ್ತೆ ನಿಲ್ಲಿಸಬಹುದೆಂಬುದಕ್ಕೆ ಅದು ಸಾಕ್ಷಿ.

ತಳಪಾಯ ಕುಸಿದು ಗೋಡೆ ವಾಲಿದ್ದರೆ, ಮುಖ್ಯ ತೊಲೆಗಳನ್ನೆಲ್ಲ ಗೆದ್ದಲು ತಿಂದಿದ್ದರೆ ಕೆಡವುವುದೇ ಸರಿ. ಅಣ್ಣತಮ್ಮಂದಿರ ಪಾಲಿನ ಪ್ರಶ್ನೆಯಿದ್ದಲ್ಲಿ ನಾವು ತಲೆಹಾಕುವುದಿಲ್ಲ. ಉಳಿದವರು ಮೊದಲು ಬಲ್ಲ ಇಂಜಿನಿಯರರೊಬ್ಬರಿಂದ ಮನೆ ತೋರಿಸಿ, ಆಮೇಲೆ ಮೇಸ್ತ್ರಿಯನ್ನು ಕರೆಯಲಿ.

ಖರ್ಚಿನಲ್ಲಿ ಮೊದಲ ಪಾಲು ವಿದ್ಯುತ್ತಿನ ವೈರಿಂಗಿಗೆ ಹೋಗಬೇಕು. ಮರದ ಪಟ್ಟಿಯ ಮೇಲೆ ಹೊಡೆದ ರಬ್ಬರು ಹೊದಿಕೆಯ ಹಳೆಯ ವೈರು ಒಣಗಿ ಬಿರುಕು ಬಿಟ್ಟಿರುತ್ತದೆ. ಎಷ್ಟೋ ಮನೆಗಳಲ್ಲಿ ಅರ್ತಿಂಗೇ ಇರುವುದಿಲ್ಲ. ಅದಕ್ಕೇ ಗೀಸರು, ಫ್ರಿಜ್ಜು ಜೋಡಿಸಿದರೆ ಮನೆಗೆ ಬೆಂಕಿ ಬೀಳುವ, ಜೀವಕ್ಕೆ ಅಪಾಯವಾಗುವ ಭಯ. ಎರಡನೆಯದು ಒಳಗೆ ತುಕ್ಕು ಹಿಡಿದ ಕಬ್ಬಿಣದ ನೀರಿನ ಕೊಳವೆ, ಬಚ್ಚಲು, ಪಾಯಿಖಾನೆ. ನೆಲವನ್ನು ಮುಟ್ಟದಿರುವುದು ಉತ್ತಮ. ರೆಡ್ ಆಕ್ಸೈಡ್ ನೆಲಕ್ಕೆ ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ.

ಹೆಂಚಿನ ಮಾಡಿನ ಕೆಲಸವನ್ನು ಕುಯ್ಲು ಮುಗಿದ ಮೇಲೆ, ಮುಂಗಾರಿಗೆ ಮುನ್ನ ಹಿಡಿಯಬೇಕು. ಹೆಂಚು ಇಳಿಸಿ, ಕೊಳೆತ ರೀಪುಗಳನ್ನಷ್ಟೇ ಬದಲಿಸಿ, ತೊಳೆದ ಹೆಂಚನ್ನೇ ಮತ್ತೆ ಹೊದಿಸಬಹುದು. ಒಂದು ಎಚ್ಚರಿಕೆ: ಮಂಗಳೂರು ಹೆಂಚೆಂದರೆ ಎಲ್ಲವೂ ಒಂದೇ ಅಳತೆಯವಲ್ಲ. ಒಂದು ಕಾರ್ಖಾನೆಯ ಹೆಂಚಿನ ಅಂಚು ಇನ್ನೊಂದರದಕ್ಕೆ ಸರಿಯಾಗಿ ಕೂರದೆ ಸೋರುತ್ತದೆ. ಒಡೆದವುಗಳ ಬದಲಿಗೆ ಅದೇ ಮುದ್ರೆಯ ಹೆಂಚನ್ನು, ಮನೆ ಕೆಡವುತ್ತಿರುವ ನೆರೆಯವರಿಂದ ಈಗಲೇ ಕೇಳಿ ತಂದಿಟ್ಟುಕೊಳ್ಳಬಹುದು.